ರಜಿಯಾ ಅಕ್ಕೋರ ಬಳೆ ಪೆಟ್ಟು

ಶಿರಸಿ ಪೇಟೆ ಇನ್ನೂ ಪೂರ್ತಿ ಎದ್ದಿಲ್ಲ. ಹಾಲಿನ ಗಾಡಿ ಬಂದು ಹೋಗಿದೆ, ಬೇಕರಿಯ ಹಿಂಬಾಗಿಲಿನಿಂದ ಪಾವಿನ ಪರಿಮಳ ಬರುತ್ತಿದೆ, ಜುಲೈ ತಿಂಗಳ ಮಳೆ ತನ್ನ ಪಾಡಿಗೆ ತಾನು ಸುರಿಯುತ್ತಿದೆ. ಅಂಗಡಿಸಾಲಿನ ಹಿಂದಿನ ಗಲ್ಲಿಯಲ್ಲಿ, ಅರ್ಧ ಎತ್ತಿದ ಶಟರೊಂದರ ಒಳಗಿಂದ ಟಪ್ ಟಪ್ ಎಂಬ ಸಣ್ಣ ಸದ್ದು. ಸೋರುವ ಮಾಡಿನ ನೀರು ಬಕೆಟ್ಟಿಗೆ ಬೀಳುತ್ತಿರಬೇಕು ಎಂದುಕೊಂಡು ನಾನು ಆ ಶಟರನ್ನು ದಾಟಿ ಮುಂದೆ ಹೋಗಿ, ಹುಡುಕಿದ ಮನೆ ಸಿಗದೆ ವಾಪಸ್ ಬಂದು, ಬಗ್ಗಿ ನೋಡುತ್ತೇನೆ. ಬಕೆಟ್ಟೂ ಇಲ್ಲ, ಸೋರುವ ನೀರೂ ಇಲ್ಲ. ನಡುವಯಸ್ಸಿನ ಹೆಂಗಸೊಬ್ಬರು ತಲೆಗೆ ದುಪಟ್ಟಾ ಸುತ್ತಿಕೊಂಡು ಮಣೆಯ ಮೇಲೆ ಕೂತಿದ್ದಾರೆ. ಎದುರಿನ ಸ್ಟೂಲಿಗೆ ಬಿಗಿದ ಲಾರಿ ಟ್ಯೂಬಿನ ತುಂಡಿನ ಮೇಲೆ ಎರಡು ಕೋಲು ಆಡಿಸುತ್ತಿದ್ದಾರೆ. ಪಕ್ಕದಲ್ಲಿ ಚಹಾದ ಲೋಟ, ಅದರ ಮೇಲೊಂದು ಬಸಿ ಮುಚ್ಚಿದೆ.

ಇವರೇ ರಜಿಯಾ. ನನ್ನನ್ನು ನೋಡಿದ ಮೇಲೂ ಕೈ ನಿಲ್ಲಿಸುವುದಿಲ್ಲ, ಗದ್ದದಿಂದಲೇ ಕುರ್ಚಿ ತೋರಿಸುತ್ತಾರೆ. ಕೋಲುಗಳು ಟ್ಯೂಬಿನಿಂದ ಎರಡು ಬೆರಳಿಗಿಂತ ಮೇಲೆ ಏಳುತ್ತಿಲ್ಲ. ಯಾವ ಪೆಟ್ಟು ಎಡಗೈಯದು, ಯಾವುದು ಬಲಗೈಯದು ಎಂದು ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುವುದಿಲ್ಲ. ನಾನು ಮುಚ್ಚಿಯೂ ನೋಡಿದೆ, ತೆರೆದೂ ನೋಡಿದೆ. ನನ್ನ ಚಹಾ ಬಂದು ಮುಗಿದ ಮೇಲೆ ಅವರ ಅಭ್ಯಾಸ ಮುಗಿಯಿತು. ಕೋಲು ಕೆಳಗಿಟ್ಟು, ತಣ್ಣಗಾದ ತಮ್ಮ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಮೊದಲ ಮಾತು ಆಡಿದರು.

“ಜೋರಾಗಿ ಹೊಡಿಯೂದು ಯಾರಿಗೂ ಕಲಿಸ್ಬೇಕಾಗಿಲ್ರೀ. ತೊಟ್ಟಿಲಲ್ಲಿದ್ದ ಮಗುನೂ ಗಿಲಕಿ ತಗೊಂಡು ಬಡಿತದೆ. ಸಣ್ಣಕೆ ಹೊಡಿಯೂದು ಕಲಿಸ್ಲಿಕ್ಕೆ ಮಾತ್ರ ವರ್ಷ ಬೇಕು.”

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹತ್ತಾರು ಶಾಲೆಗಳ ಮಕ್ಕಳು ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಹೆಜ್ಜೆ ಹಾಕುವುದು ಈ ಹೆಂಗಸು ಕಲಿಸಿದ ಡ್ರಮ್ಮಿಗೆ. ನೀವು ಈ ಸೀಮೆಯವರಾದರೆ ಆ ಡ್ರಮ್ಮು ಕೇಳಿಯೇ ಇರುತ್ತೀರಿ. ಕಲಿಸಿದವರು ಯಾರು ಎಂದು ಕೇಳಿರಲಿಕ್ಕಿಲ್ಲ. ಎಷ್ಟೋ ವರ್ಷ ಮೈದಾನದ ಕಟ್ಟೆಯ ಮೇಲೆ ಕೂತು ಪಥಸಂಚಲನ ನೋಡಿ ಚಪ್ಪಾಳೆ ತಟ್ಟಿದ ನಾನೂ ಕೇಳಿರಲಿಲ್ಲ. ಆ ಹೊತ್ತಿಗೆ ರಜಿಯಾ ಗೇಟಿನ ಹೊರಗೆ ಕೊಡೆ ಹಿಡಿದು ನಿಂತು, ಇನ್ಯಾವುದೋ ಶಾಲೆಯ ಡ್ರಮ್ಮಿನ ಬೆಲ್ಟು ಬಿಗಿ ಮಾಡುತ್ತಿರುತ್ತಾರೆ. ಹೆಗಲಿನ ಚೀಲದಲ್ಲಿ ಒಂದು ಚಾವಿ, ಒಂದು ಇಕ್ಕಳ, ಬಿಡಿ ಕೋಲುಗಳು, ಒಂದಿಷ್ಟು ಹಳೇ ಬಟ್ಟೆ. ಮಕ್ಕಳಿಗೆ ಅವರು ‘ಡ್ರಮ್ಮಿನ ಅಕ್ಕೋರು’. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಆ ಮರ್ಯಾದೆ ಸಿಗುತ್ತದೆ.

ನಾನು ಕೂತ ಕುರ್ಚಿಯ ಹಿಂದೆ ಗೋಡೆಗೆ ಒಂದು ಹಳೆಯ ಬೋರ್ಡು ಒರಗಿದೆ. ಅಕ್ಷರ ಮಾಸಿದೆ, ಕಹಳೆಯ ಚಿತ್ರ ಉಳಿದಿದೆ. ರಜಿಯಾ ಅವರ ತಂದೆ ಗನಿಸಾಬರ ಬ್ಯಾಂಡ್ ಕಂಪನಿಯ ಬೋರ್ಡು ಅದು. ಒಂದು ಕಾಲಕ್ಕೆ ಶಿರಸಿ ಸುತ್ತಿನ ಮದುವೆ ದಿಬ್ಬಣಗಳಿಗೆ ಗನಿಸಾಬರ ಬ್ಯಾಂಡೇ ಆಗಬೇಕು ಎನ್ನುತ್ತಿದ್ದರಂತೆ. ಅವರು ಸ್ವತಃ ಸೈಡ್ ಡ್ರಮ್ಮು ನುಡಿಸುತ್ತಿದ್ದರು. ಮನೆಯ ಹೆಣ್ಣುಮಕ್ಕಳು ದಿಬ್ಬಣಕ್ಕೆ ಹೋಗುವಂತಿರಲಿಲ್ಲ. ಆದರೆ ಡ್ರಮ್ಮಿನ ಚಾಕರಿ ಮಾಡುವುದಕ್ಕೆ ಯಾರೂ ಬೇಡ ಅನ್ನಲಿಲ್ಲ. ಮಳೆಗಾಲದಲ್ಲಿ ಸಡಿಲಾದ ಚರ್ಮವನ್ನು ಬೆಚ್ಚಗೆ ಮಾಡುವುದು, ಚಾವಿ ತಿರುಗಿಸಿ ಬಿಗಿಯುವುದು, ಬಳೆಗೆ ಎಣ್ಣೆ ಒರೆಸುವುದು ಎಲ್ಲ ಹುಡುಗಿ ರಜಿಯಾ ಪಾಲಿಗೆ ಬಂತು. ಡ್ರಮ್ಮಿನ ಚರ್ಮವನ್ನು ಮೇಲಿಂದ ಒತ್ತಿ ಹಿಡಿಯುವ ದುಂಡನೆಯ ಪಟ್ಟಿಗೆ ಈ ಕಸುಬಿನಲ್ಲಿ ಬಳೆ ಎನ್ನುತ್ತಾರೆ. ಹಳೆಯ ಡ್ರಮ್ಮುಗಳಲ್ಲಿ ಅದು ಮರದ್ದು, ಈಗಿನವುಗಳಲ್ಲಿ ಸ್ಟೀಲಿನದು.

ಮಗಳ ಕೈ ಸುಮ್ಮನೆ ಕೂರುವುದಿಲ್ಲ ಎಂದು ಗನಿಸಾಬರಿಗೆ ಬೇಗ ಗೊತ್ತಾಯಿತು. ಹಿಟ್ಟಿನ ಡಬ್ಬಿ, ಲಟ್ಟಣಿಗೆ, ಕಿಟಕಿಯ ಸರಳು, ಏನು ಸಿಕ್ಕರೂ ಅದರ ಮೇಲೆ ಅಪ್ಪನ ಪೆಟ್ಟು. ಕೊನೆಗೆ ಅವರೇ ಬೆಳಗಿನ ಜಾವ ಎದುರು ಕೂರಿಸಿಕೊಂಡು ಹೇಳಿಕೊಡಲು ಶುರು ಮಾಡಿದರು. ಷರತ್ತು ಒಂದೇ, ಸದ್ದು ಗಲ್ಲಿಗೆ ಕೇಳಬಾರದು. ಅಕ್ಕಪಕ್ಕದವರು ಎದ್ದು ಏನಾದರೂ ಅನ್ನುವ ಮೊದಲು ಪಾಠ ಮುಗಿಯಬೇಕು. ಸಣ್ಣಕೆ ಹೊಡೆಯುವ ವಿದ್ಯೆ ರಜಿಯಾಗೆ ಬಂದದ್ದು ಹೀಗೆ, ಹೆದರಿಕೆಯಿಂದ. ಇವತ್ತು ಅವರಿಗೆ ಬೇಡ ಅನ್ನುವವರು ಯಾರೂ ಇಲ್ಲ, ಶಟರೂ ಅರ್ಧ ತೆರೆದೇ ಇರುತ್ತದೆ. ಆದರೂ ಕೋಲು ಎರಡು ಬೆರಳಿಗಿಂತ ಮೇಲೆ ಏಳುವುದಿಲ್ಲ.

ಗನಿಸಾಬರ ಬ್ಯಾಂಡಿಗೆ ಒಂದು ಪದ್ಧತಿಯಿತ್ತು. ಅವರೊಬ್ಬರದೇ ಅಲ್ಲ, ಆ ಕಾಲದ ಎಲ್ಲ ಬ್ಯಾಂಡಿನವರದ್ದೂ ಎನ್ನುತ್ತಾರೆ ರಜಿಯಾ. ದಿಬ್ಬಣ ಹೋಗುವ ದಾರಿಯಲ್ಲಿ ಸಾವಾದ ಮನೆ ಬಂದರೆ ಕಹಳೆ, ಕ್ಲಾರಿನೆಟ್ಟು ಎಲ್ಲ ಬಾಯಿಂದ ಇಳಿಯಬೇಕು. ಪೂರ್ತಿ ನಿಲ್ಲಿಸಿದರೆ ದಿಬ್ಬಣ ಚದುರುತ್ತದೆ, ಒಬ್ಬ ಬೀಡಿ ಹಚ್ಚಲು ನಿಲ್ಲುತ್ತಾನೆ, ಇನ್ನೊಬ್ಬ ಮುಂದೆ ಓಡುತ್ತಾನೆ, ಆ ಮನೆಯೆದುರೇ ಗಲಾಟೆಯಾಗುತ್ತದೆ. ಹಾಗಾಗಿ ಡ್ರಮ್ಮಿನವನು ಚರ್ಮ ಬಿಟ್ಟು ಬಳೆಯ ಮೇಲೆ ಮಾತ್ರ, ಕಟಕ್ ಕಟಕ್ ಎಂದು, ಹೆಜ್ಜೆಗೆ ಬೇಕಾದಷ್ಟೇ ಹೊಡೆಯುತ್ತಾನೆ. ಬ್ಯಾಂಡಿನವರ ಕಾಲಿಗೆ ಕೇಳಬೇಕು, ಮನೆಯೊಳಗೆ ಅಳುವವರಿಗೆ ಚುಚ್ಚಬಾರದು. ಮನೆ ದಾಟಿದ ಮೇಲೆ ಮತ್ತೆ ಚರ್ಮ. ಇದಕ್ಕೆ ಬಳೆ ಪೆಟ್ಟು ಎನ್ನುತ್ತಿದ್ದರು.

ಗನಿಸಾಬರು ತೀರಿಕೊಂಡದ್ದು ಲಗ್ನಗಳ ಕಾಲದಲ್ಲಿ. ಮನೆಯೊಳಗೆ ಹೆಂಗಸರ ನಡುವೆ ರಜಿಯಾ ಕೂತಿದ್ದರು. ಹೊರಗೆ ರಸ್ತೆಯಲ್ಲಿ ದಿಬ್ಬಣವೊಂದು ಬರುತ್ತಿತ್ತು. ಡ್ರಮ್ಮಿನ ಪೆಟ್ಟಿನ ಮೇಲೆಯೇ ಅದು ಯಾರ ಬ್ಯಾಂಡು ಎಂದು ಅವರಿಗೆ ತಿಳಿಯಿತು. ಗನಿಸಾಬರಿಗೂ ಆ ಬ್ಯಾಂಡಿನ ಯಜಮಾನನಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು, ಎದುರಾದರೆ ಮುಖ ತಿರುಗಿಸುತ್ತಿದ್ದರು.

“ಕಹಳೆ ನಿಂತೋಯ್ತು ನೋಡ್ರಿ. ಆಮೇಲೆ ಕಟಕ್ ಕಟಕ್ ಅಂತ ಬಳೆ ಪೆಟ್ಟು. ಗಲ್ಲಿ ಬಾಯಿ ದಾಟೂತನಕ ಹಾಂಗೇ ಹೋದ್ರು. ಅಲ್ಲೀತನಕ ನನಗೆ ಅಳೂನೇ ಬಂದಿರ್ಲಿಲ್ಲ.”

ಇದನ್ನು ಹೇಳುವಾಗಲೂ ಅವರ ಬೆರಳು ಕುರ್ಚಿಯ ಕೈ ಮೇಲೆ ಸಣ್ಣಗೆ ತಟ್ಟುತ್ತಿದೆ. ಆ ಮಳೆಗಾಲದಲ್ಲೇ ಶಾಲೆಯೊಂದರ ಮಾಸ್ತರರು ಡ್ರಮ್ ರಿಪೇರಿಗೆಂದು ಗನಿಸಾಬರನ್ನು ಹುಡುಕಿಕೊಂಡು ಬಂದರು. ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ರಿಪೇರಿ ನಾನು ಮಾಡಿಕೊಡುತ್ತೇನೆ, ಬೇಕಾದರೆ ಮಕ್ಕಳಿಗೂ ಹೇಳಿಕೊಡುತ್ತೇನೆ ಎಂದುಬಿಟ್ಟರು ರಜಿಯಾ. ಅಂದ ಮೇಲೆ ತಮಗೇ ಗಾಬರಿಯಾಯಿತಂತೆ. ಗಂಡ ನೂರ್ ಅಹ್ಮದ್ ಲಾರಿ ಓಡಿಸುತ್ತಾರೆ. ಅರಬೈಲ್ ಘಟ್ಟ ಇಳಿದು ಹತ್ತಿ ಮನೆಗೆ ಬಂದವರಿಗೆ ಹೆಂಡತಿ ಹೆದರುತ್ತ ಸುದ್ದಿ ಹೇಳಿದರೆ, ಅವರು ಮರುದಿನ ಗ್ಯಾರೇಜಿನಿಂದ ಹಳೇ ಟ್ಯೂಬು ಕತ್ತರಿಸಿ ತಂದರು. ಸ್ಟೂಲಿನ ಮೇಲೆ ಈಗ ಇರುವುದು ಅಂಥ ಎಷ್ಟನೆಯ ಟ್ಯೂಬೋ ಲೆಕ್ಕವಿಲ್ಲ. ಬಂಧುಗಳಲ್ಲಿ ಕೆಲವರು ಒಂದಷ್ಟು ದಿನ ಗೊಣಗಿದರು. ಅವರವರ ಮಕ್ಕಳೇ ಶಾಲೆಯಲ್ಲಿ ಡ್ರಮ್ಮು ಹಿಡಿದ ಮೇಲೆ ಸುಮ್ಮನಾದರು.

ಅವರ ವಾರ ಬಸ್ಸಿನ ವೇಳಾಪಟ್ಟಿಯ ಮೇಲೆ ನಡೆಯುತ್ತದೆ. ಒಂದು ದಿನ ಉಮ್ಮಚಗಿ ಕಡೆ, ಒಂದು ದಿನ ಯಲ್ಲಾಪುರ ಪೇಟೆ, ಮತ್ತೊಂದು ದಿನ ಕೋಲಸಿರ್ಸಿ ಹಾದಿಯಲ್ಲಿ ಸಿದ್ದಾಪುರ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಚೀಲದ ಮೇಲೆ ಬೆರಳಲ್ಲಿ ಅಭ್ಯಾಸ. ಕಂಡಕ್ಟರುಗಳಿಗೆಲ್ಲ ಇದು ಗೊತ್ತು. ಪಕ್ಕದಲ್ಲಿ ಕೂತವರು ಮಾತ್ರ ಒಮ್ಮೆ ಅವರ ಬೆರಳು, ಒಮ್ಮೆ ಅವರ ಮುಖ ನೋಡುತ್ತಾರೆ. ಜೊತೆಗೆ ಹೋದ ದಿನ ನನ್ನನ್ನೂ ಜನ ಹಾಗೇ ನೋಡಿದರು, ಏಕೆಂದರೆ ನಾನೂ ತಟ್ಟಲು ಶುರು ಮಾಡಿದ್ದೆ. ನನ್ನದು ತಾಳ ತಪ್ಪುತ್ತಿದೆ ಎಂದು ಕಂಡಕ್ಟರರೇ ಹೇಳಿದರು.

ಮಕ್ಕಳಿಗೆ ಮೊದಲ ವಾರ ಡ್ರಮ್ಮು ಮುಟ್ಟಲು ಕೊಡುವುದಿಲ್ಲ. ಮೊದಲು ಬಾಯಿ, ಆಮೇಲೆ ಕಾಲು, ಆಮೇಲೆ ತಮ್ಮತಮ್ಮ ತೊಡೆ. ಎಡ ಬಲ ಎಡ ಎಡ, ಬಲ ಎಡ ಬಲ ಬಲ ಎಂದು ಕೈ ಬದಲಿಸುವ ಪಾಠವೊಂದಿದೆ, ಎಲ್ಲ ಡ್ರಮ್ಮಿಗೂ ಅದೇ ತಳಪಾಯವಂತೆ. ಅದನ್ನು ಬಾಯಲ್ಲಿ ಹೇಳಿಕೊಳ್ಳಲು ಮಕ್ಕಳೇ ಮಾತು ಕಟ್ಟಬೇಕು. ಉಮ್ಮಚಗಿ ಕಡೆಯ ಮಕ್ಕಳು ‘ಬಸ್ಸು ಬಂತು, ಬಸ್ಸು ಹೋಯ್ತು’ ಎಂದು ಕಟ್ಟಿದ್ದಾರೆ. ಬಸ್ಸು ಬಂದದ್ದಕ್ಕಿಂತ ಹೋದದ್ದನ್ನೇ ಜೋರಾಗಿ ಹೇಳುತ್ತಾರೆ, ಪಾಪ. ಇಡೀ ತರಗತಿ ಹೊಡೆಯುವಾಗ ರಜಿಯಾ ಹಿಂದಿನಿಂದ ನಡೆದುಕೊಂಡು ಹೋಗಿ, ಯಾರ ಸದ್ದು ಪಕ್ಕದವರ ಸದ್ದಿಗಿಂತ ಮೇಲೆ ಏಳುವುದಿಲ್ಲವೋ ಅವರ ಭುಜ ಮುಟ್ಟುತ್ತಾರೆ. ಡ್ರಮ್ಮು ಅವರಿಗೆ. ಜೋರಾಗಿ ಬಡಿದು ಗಮನ ಸೆಳೆಯಲು ನೋಡಿದವರಿಗೆ ಇನ್ನೊಂದು ವಾರ ತೊಡೆಯೇ ಗತಿ.

ಕೋಲು ಹೇಗೆ ಹಿಡಿಯಬೇಕು ಎಂದು ಕೇಳಿದೆ. ತವೆಯ ಮೇಲಿನ ರೊಟ್ಟಿಯನ್ನು ಬೆರಳಲ್ಲಿ ತಿರುವಿ ಹಾಕುವಾಗ ಎಷ್ಟು ಬಿಗಿ ಹಿಡಿಯುತ್ತೀರೋ ಅಷ್ಟೇ ಎಂದರು. ಬಿಗಿ ಹಿಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಹೊಡೆದ ಕೋಲು ಚರ್ಮದಿಂದ ತಾನೇ ಎದ್ದು ಬರುತ್ತದೆ, ಅದನ್ನು ತಡೆಯಬಾರದು, ಎತ್ತಲೂಬಾರದು. ರೊಟ್ಟಿ ತಿರುವಿ ಗೊತ್ತಿಲ್ಲದ ಗಂಡುಹುಡುಗರಿಗೆ ಏನು ಹೇಳುತ್ತೀರಿ ಎಂದೆ. ಮನೆಗೆ ಹೋಗಿ ತಿರುವಿ ಬಾ ಅಂತೇನೆ ಎಂದು ನಕ್ಕರು.

ಸಾಮಾನು ಆರಿಸುವಾಗ ಈ ಮೃದು ಸ್ವಭಾವದ ಹೆಂಗಸು ಬೇರೆಯೇ ಆಗಿಬಿಡುತ್ತಾರೆ. ಶಾಲೆಗಳಿಗೆ ಡ್ರಮ್ಮು ಕೊಡಿಸಲು ಹುಬ್ಬಳ್ಳಿಗೆ ಹೋದರೆ ಅಂಗಡಿಯವರು ಇವರನ್ನು ಕಂಡು ನಿಟ್ಟುಸಿರು ಬಿಡುತ್ತಾರಂತೆ. ಕೋಲುಗಳನ್ನು ಗಾಜಿನ ಕಪಾಟಿನ ಮೇಲೆ ಒಂದೊಂದಾಗಿ ಉರುಳಿಸುತ್ತಾರೆ, ಕುಪ್ಪಳಿಸಿದ್ದು ಸೊಟ್ಟ, ನೆಟ್ಟಗೆ ಉರುಳಿದ್ದು ತಮ್ಮದು. ಆಮೇಲೆ ಎರಡೆರಡನ್ನು ಒಂದಕ್ಕೊಂದು ತಟ್ಟಿ, ಒಂದೇ ಸದ್ದು ಕೊಡುವ ಜೋಡಿ ಸಿಗುವ ತನಕ ಬಿಡುವುದಿಲ್ಲ. ಬೈನೆ ಮರದ ಕೋಲು ಗಟ್ಟಿ, ಆದರೆ ಮಕ್ಕಳ ಮಣಿಕಟ್ಟಿಗೆ ಭಾರ ಎಂದು ಬೇಡ ಅನ್ನುತ್ತಾರೆ. ಡ್ರಮ್ಮನ್ನು ನೆಲದ ಮೇಲೆ ಬೋರಲಿಟ್ಟು ಬಳೆಯಡಿ ಬೆಳಕು ನುಸುಳುತ್ತದೆಯೋ ಎಂದು ಮಲಗಿ ನೋಡುತ್ತಾರೆ. ಪ್ರತಿ ಬೋಲ್ಟಿನ ಪಕ್ಕ ಉಗುರಲ್ಲಿ ತಟ್ಟಿ ಎಲ್ಲ ಕಡೆ ಒಂದೇ ಸ್ವರ ಬರುವ ತನಕ ಚಾವಿ ತಿರುಗಿಸುತ್ತಾರೆ, ಒಂದು ಬೋಲ್ಟು ಮುಗಿದ ಮೇಲೆ ಅದರ ಪಕ್ಕದ್ದಲ್ಲ, ಎದುರಿನದು. ಎಲ್ಲಕ್ಕಿಂತ ಕೊನೆಗೆ ಬೆಲ್ಟು ಹೆಗಲಿಗೆ ಹಾಕಿಕೊಂಡು ಅಂಗಡಿಯೊಳಗೆ ನಡೆಯುತ್ತಾರೆ. ಹೊತ್ತು ನಡೆಯುವುದು ಮಕ್ಕಳು ತಾನೇ ಎಂಬುದು ಅವರ ವಾದ.

ಇಷ್ಟೆಲ್ಲ ಎಚ್ಚರದ ರಜಿಯಾ ಹೋದ ವರ್ಷ ಎಡವಿದರು. ಸಿದ್ದಾಪುರ ತಾಲೂಕಿನ ಒಂದು ಪ್ರೌಢಶಾಲೆ, ಹೆಸರು ಬೇಡ ಎಂದು ಅಲ್ಲಿನ ಮುಖ್ಯ ಶಿಕ್ಷಕಿ ಕೇಳಿಕೊಂಡಿದ್ದಾರೆ. ಹುಡುಗಿಯರದೇ ಪುಟ್ಟ ತಂಡ. ಬಿಗ್ ಡ್ರಮ್ಮು ರಕ್ಷಿತಾ ಎಂಬ ಒಂಬತ್ತನೇ ತರಗತಿಯ ಹುಡುಗಿಯದು. ಸ್ವಾತಂತ್ರ್ಯ ದಿನಕ್ಕೆ ಮೊದಲು ಮಳೆ ಬಿಡದೆ ಹೊಡೆದು ಬಿಗ್ ಡ್ರಮ್ಮಿನ ಚರ್ಮ ಒದ್ದೆ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಶಾಲೆಯ ಜವಾನ ಕೆರಿಯಪ್ಪ ಅದನ್ನು ನೋಡಲಾರದೆ ಮನೆಗೆ ಹೊತ್ತೊಯ್ದು, ಮಳೆಗಾಲದಲ್ಲಿ ನಮ್ಮವರು ಒದ್ದೆ ಬಟ್ಟೆ ಎಲ್ಲಿ ಒಣಗಿಸುತ್ತಾರೋ ಅಲ್ಲೇ, ಬಚ್ಚಲ ಒಲೆಯ ಮೇಲೆ ರಾತ್ರಿಯಿಡೀ ತೂಗುಹಾಕಿದರು. ಅಂಗಿ, ಟವೆಲು, ಬಿಗ್ ಡ್ರಮ್ಮು, ಒಂದೇ ಹಗ್ಗದಲ್ಲಿ. ಬೆಳಿಗ್ಗೆ ರಜಿಯಾ ತಟ್ಟಿ ನೋಡಿದರೆ ಗಂಟೆಯಂಥ ನಾದ. ಖುಷಿಯಲ್ಲಿ ಇನ್ನೊಂದು ಸುತ್ತು ಬಿಗಿದರು. ಮೈದಾನದಲ್ಲಿ, ಗಣ್ಯರ ವೇದಿಕೆಯ ನೇರ ಎದುರಿಗೆ, ರಕ್ಷಿತಾ ಹೊಡೆದ ಪೆಟ್ಟಿಗೆ ಚರ್ಮ ಅಂಚಿನಿಂದ ಅಂಚಿಗೆ ಹರಿಯಿತು. ಮಕ್ಕಳ ಹೆಜ್ಜೆ ತಪ್ಪಿತು, ಸಾಲು ಒಂದರ ಮೇಲೊಂದು ಬಿತ್ತು. ಸುತ್ತ ನಿಂತವರು ನಕ್ಕರು.

“ಕೆರಿಯಪ್ಪಣ್ಣ ಪ್ರೀತಿಯಿಂದ ಮಾಡಿದ್ದು, ಅವ್ರಿಗೆ ಯಾರೂ ಏನೂ ಅನ್ಬಾರ್ದು. ಚಾವಿ ತಿರುಗಿಸಿದ್ದು ಈ ಕೈ. ಒಲೆ ಮೇಲಿಂದ ಬಂದ ಚರ್ಮ ಆರೂತನಕ ಮುಟ್ಬಾರ್ದು ಅಂತ ನಮ್ಮ ಅಬ್ಬಾ ಸಾವಿರ ಸಲ ಹೇಳಿದ್ರು. ನಾದ ಕೇಳಿ ಆಸೆ ಆಯ್ತು ನನಗೆ.”

ಮುಖ್ಯ ಶಿಕ್ಷಕಿ ಕೆಟ್ಟವರಲ್ಲ. ಮಕ್ಕಳು ಅತ್ತುಕೊಂಡು ವಾಪಸಾದದ್ದನ್ನು ಅವರು ಮರೆಯಲಾರರು, ಅಷ್ಟೇ. ಬೇರೆ ಒಂದೆರಡು ಶಾಲೆಯವರು ರೆಕಾರ್ಡ್ ಮಾಡಿದ ತಾಳವನ್ನು ಸ್ಪೀಕರಿನಲ್ಲಿ ಹಾಕಿ ಮಕ್ಕಳನ್ನು ನಡೆಸಲು ಶುರು ಮಾಡಿದ್ದಾರೆ, ಅದು ಹರಿಯುವುದೂ ಇಲ್ಲ, ಸಡಿಲಾಗುವುದೂ ಇಲ್ಲ. ನಾವೂ ಹಾಗೇ ಮಾಡೋಣ ಎಂದರು. ದೈಹಿಕ ಶಿಕ್ಷಕ ಸುಜಯ ಮಧ್ಯೆ ಬಂದು, ಇದೊಂದು ವರ್ಷ ನೋಡೋಣ ಎಂದು ಗೋಗರೆದ ಮೇಲೆ ಒಪ್ಪಿದರು. ಈ ಸಲವೂ ಪೆಟ್ಟು ನಿಂತು ಹೆಜ್ಜೆ ತಪ್ಪಿದರೆ ಜನವರಿಯಿಂದ ಸ್ಪೀಕರು, ಡ್ರಮ್ಮುಗಳೆಲ್ಲ ಅಟ್ಟಕ್ಕೆ. ಒಂದು ಶಾಲೆ ಬಿಟ್ಟರೆ ಉಳಿದವೂ ಬಿಡುತ್ತವೆ ಎಂದು ರಜಿಯಾಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹತ್ತನೇ ತರಗತಿಗೆ ಬಂದ ರಕ್ಷಿತಾಗೆ ಇದೇ ಕೊನೆಯ ಆಗಸ್ಟ್. ಆ ಹುಡುಗಿ ನಗೆಪಾಟಲಾದ ಪೆಟ್ಟನ್ನೇ ಕೊನೆಯ ಪೆಟ್ಟಾಗಿ ಹೊತ್ತು ಶಾಲೆ ಬಿಡಬೇಕೇ ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿತ್ತು.

ಜುಲೈಯಲ್ಲಿ ನಾನು ಆ ಶಾಲೆಗೆ ಹೋದಾಗ ರಕ್ಷಿತಾ ಬಿಗ್ ಡ್ರಮ್ಮಿನ, ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಗುಂಡು ಕೋಲನ್ನು ಮುಟ್ಟುವುದಕ್ಕೂ ಒಪ್ಪುತ್ತಿರಲಿಲ್ಲ. ಬೇರೆ ಯಾರಿಗಾದರೂ ಕೊಡಿ ಅಕ್ಕೋರೆ ಎಂದು ನೆಲ ನೋಡುತ್ತಿದ್ದಳು. ರಜಿಯಾ ಸಮಾಧಾನ ಹೇಳಲಿಲ್ಲ, ಧೈರ್ಯ ತುಂಬುವ ಭಾಷಣವನ್ನೂ ಮಾಡಲಿಲ್ಲ. ಡ್ರಮ್ಮನ್ನು ಅವಳ ಕೊರಳಿಗೆ ಹಾಕಿ, ಗುಂಡು ಕೋಲು ಬದಿಗಿಟ್ಟು, ಸಣ್ಣ ಕೋಲೊಂದನ್ನು ಕೈಗೆ ಕೊಟ್ಟರು. ಚರ್ಮ ಮುಟ್ಟಬೇಡ, ಬಳೆ ಮೇಲೆ ಹೊಡಿ, ಮರ ಹರಿಯುವುದಿಲ್ಲ ಎಂದರು. ಸುಮಾರು ಎರಡು ವಾರ ಆ ಹುಡುಗಿ ಬಳೆಯ ಮೇಲಷ್ಟೇ ಹೊಡೆದಳು. ಉಳಿದವರು ತಮ್ಮ ಸೈಡ್ ಡ್ರಮ್ಮುಗಳನ್ನು ತಗ್ಗಿಸಿ ಆ ಕಟಕ್ ಕಟಕ್ ಕೇಳಿಸುವಷ್ಟು ಮೆಲ್ಲಗೆ ನುಡಿಸಬೇಕಿತ್ತು, ಅದೂ ಪಾಠವೇ. ಒಂದು ಮಧ್ಯಾಹ್ನ ವಿರಾಮದಲ್ಲಿ, ಈ ಪೆಟ್ಟು ಎಲ್ಲಿಂದ ಬಂತು ಎಂದು ಹುಡುಗಿಯರು ಕೇಳಿದ್ದಕ್ಕೆ ಅವರು ದಿಬ್ಬಣದ ಕಥೆ ಹೇಳಿದರು. ತಮ್ಮ ಅಬ್ಬಾ ಹೋದ ದಿನದ ಕಥೆಯನ್ನೂ ಹೇಳಿದರು. ಮರುದಿನ ರಕ್ಷಿತಾ ತಾನಾಗಿಯೇ ಗುಂಡು ಕೋಲು ಕೇಳಿದಳು.

ಹೊಸ ಸ್ಟೀಲ್ ಡ್ರಮ್ಮು ತರಿಸೋಣ ಎಂದು ಮುಖ್ಯ ಶಿಕ್ಷಕಿ ಹೇಳಿದ್ದರು. ರಜಿಯಾ ಹಳೆಯದನ್ನೇ ಉಳಿಸಿಕೊಂಡರು, ಮರದ ಬಳೆಯೂ ಅದೇ. ಆದರೆ ಚರ್ಮದ ವಿಷಯದಲ್ಲಿ ಸೋತರು. ತೊಗಲಿನ ಚರ್ಮವೇ ಚರ್ಮ, ಪ್ಲಾಸ್ಟಿಕ್ಕಿನದು ತಗಡು ಬಡಿದ ಹಾಗೆ ಎಂದು ಜನ್ಮವಿಡೀ ಹೇಳಿಕೊಂಡು ಬಂದವರು, ಮಳೆಗೆ ಹೆದರಿ ಪ್ಲಾಸ್ಟಿಕ್ಕಿನದನ್ನೇ ಕೂರಿಸಿದರು. ಆ ತಗಡಿನ ಸದ್ದು ಸಾಯಲೆಂದು ಒಳಗಡೆ ಅಡ್ಡಲಾಗಿ ಬಟ್ಟೆಯ ಪಟ್ಟಿಯೊಂದನ್ನು ತಾಗಿಸಿ ಕಟ್ಟಿದ್ದಾರೆ. ಅದು ನೂರ್ ಅಹ್ಮದರ ಲುಂಗಿ. ತನ್ನ ಲುಂಗಿ ಸರ್ಕಾರಿ ಕಾರ್ಯಕ್ರಮಕ್ಕೆ ಹೋಗುವುದು ಇದೇ ಮೊದಲು ಎಂದು ಅವರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಸಿದ್ದಾಪುರದಲ್ಲಿ ತುಂತುರು. ಶಾಲೆಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಪೇಟೆಯೊಳಗಿಂದ ಮೈದಾನಕ್ಕೆ ಹೊರಟಿವೆ. ನಮ್ಮ ತಂಡದ ಮುಂದೆ ಇನ್ನೊಂದು ಶಾಲೆ, ಅದರ ಗಾಡಿಯ ಮೇಲೆ ಸ್ಪೀಕರು. ಕೆರಿಯಪ್ಪ ಡ್ರಮ್ಮಿನ ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆ ಹಿಡಿದು ನಡೆಯುತ್ತಿದ್ದಾರೆ, ರಾತ್ರಿ ತಮ್ಮ ಮನೆಯ ಒಲೆಗೆ ಬೆಂಕಿಯನ್ನೇ ಹಾಕಲಿಲ್ಲ ಎಂದು ನನಗೆ ಎರಡು ಸಲ ಹೇಳಿದ್ದಾರೆ. ರಜಿಯಾ ಎಲ್ಲರಿಗಿಂತ ಹಿಂದೆ, ಕೊನೆಯ ಸಾಲಿನ ಮಕ್ಕಳ ಹಿಂದೆ, ಚೀಲ ಅವುಚಿಕೊಂಡು ನಡೆಯುತ್ತಿದ್ದಾರೆ. ನಾನು ಅವರ ಪಕ್ಕ. ಮುಂದಿನಿಂದ ರಕ್ಷಿತಾಳ ದುಮ್, ಅದರ ಮೇಲೆ ಸೈಡ್ ಡ್ರಮ್ಮುಗಳು. ರಜಿಯಾ ಅವರ ತುಟಿ ಪೆಟ್ಟಿನ ಲೆಕ್ಕಕ್ಕೆ ಆಡುತ್ತಿದೆ.

ಬಸ್ ಸ್ಟ್ಯಾಂಡು ದಾಟಿದ ತಿರುವಿನಲ್ಲಿ ತಂಡದ ಮುಂಭಾಗ ಮರೆಯಾಯಿತು. ನಾವಿನ್ನೂ ಹಿಂದಿದ್ದೇವೆ. ಅಲ್ಲಿ ದುಮ್ ನಿಂತಿತು.

ರಜಿಯಾ ನಿಂತಲ್ಲೇ ನಿಂತರು. ಹಿಂದಿನಿಂದ ಬರುತ್ತಿದ್ದ ಇನ್ನೊಂದು ಶಾಲೆಯ ಮಕ್ಕಳು ಅವರನ್ನು ಸುತ್ತಿಕೊಂಡು ಹೋಗಬೇಕಾಯಿತು. ಅವರ ಕೈ ಚೀಲದ ಒಳಗೆ ಹೋಗಿ ಚಾವಿಗೆ ತಡಕಾಡುತ್ತಿತ್ತು. ಮುಂದೆ ಸುಜಯ ಓಡಿದ್ದು ಕಂಡಿತು. ಮತ್ತೆ ಹರಿಯಿತಾ ಎಂದು ರಜಿಯಾ ನನ್ನನ್ನು ಕೇಳಿದರು, ನನಗೇನು ಗೊತ್ತು? ಆಗ ಮಳೆಯ ಸದ್ದಿನ ನಡುವೆ, ಬಹಳ ಸಣ್ಣಗೆ, ಕಟಕ್ ಕಟಕ್ ಕೇಳಿಸಿತು.

ರಜಿಯಾ ಓಡುನಡಿಗೆಯಲ್ಲಿ ತಿರುವು ದಾಟಿದರು. ರಸ್ತೆಗೆ ಹೊಂದಿಕೊಂಡ ಮನೆಯೊಂದರ ಎದುರು ಜನ ನಿಂತಿದ್ದಾರೆ. ಅಂಗಳದಲ್ಲಿ ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ದೇಹ, ಪಕ್ಕದಲ್ಲಿ ದೀಪ. ಒಳಗಿಂದ ಯಾರೋ ಅಳುತ್ತಿದ್ದಾರೆ. ಮುಂದಿನ ಶಾಲೆಯ ಸ್ಪೀಕರು ಹಾಡುತ್ತಲೇ ದಾಟಿ ಹೋಗಿದೆ, ಗಾಡಿಯೊಳಗೆ ಕೂತವನಿ‌ಗೆ ಕಂಡಿರಲಿಕ್ಕಿಲ್ಲ. ರಕ್ಷಿತಾ ಗುಂಡು ಕೋಲನ್ನು ತಿರುಗಿಸಿ ಹಿಡಿದು, ಅದರ ಮರದ ತುದಿಯಿಂದ ಬಳೆಯ ಮೇಲೆ ಹೊಡೆಯುತ್ತ ನಡೆಯುತ್ತಿದ್ದಾಳೆ. ಸೈಡ್ ಡ್ರಮ್ಮಿನ ಹುಡುಗಿಯರು ಕೋಲು ಎದೆಗೆ ಒತ್ತಿಕೊಂಡಿದ್ದಾರೆ. ಯಾರೂ ಅವರಿಗೆ ಹೇಳಿದ್ದಿಲ್ಲ. ಹಿಂದಿನ ಸಾಲುಗಳ ಒಂದೇ ಒಂದು ಹೆಜ್ಜೆಯೂ ತಪ್ಪುತ್ತಿಲ್ಲ. ಮನೆಯೆದುರು ನಿಂತಿದ್ದ ಮುದುಕರೊಬ್ಬರು ತಲೆಯ ಟೋಪಿ ತೆಗೆದು ಮಕ್ಕಳ ಕಡೆ ತಿರುಗಿದರು. ಮನೆ ದಾಟಿತು, ಇನ್ನೊಂದು ಅಂಗಡಿ ದಾಟಿತು, ಆಮೇಲೆ ಕೋಲು ತಿರುಗಿತು. ದುಮ್. ಇಡೀ ತಂಡ ಅದರ ಮೇಲೆ ಒಟ್ಟಿಗೆ ಎದ್ದಿತು.

ನನ್ನ ಕಣ್ಣು ತುಂಬಿತ್ತು, ಬರೆಯಲು ನಾಚಿಕೆಯಿಲ್ಲ. ರಜಿಯಾ ಅಳುತ್ತಿರಲಿಲ್ಲ. ಆ ಮನೆಯ ಬಾಗಿಲ ಕತ್ತಲೆಯನ್ನು ನೋಡುತ್ತಿದ್ದರು, ಅಲ್ಲಿ ಒಳಗೆ ಕೂತು ಕೇಳಿಸಿಕೊಳ್ಳುತ್ತಿರುವವರು ಯಾರೋ ಇದ್ದಾರೆ ಎಂಬಂತೆ.

ಮೈದಾನದಲ್ಲಿ ಎಲ್ಲವೂ ಸಲೀಸಾಗಿ ನಡೆಯಿತು. ಬಹುಮಾನ ಬೇರೆ ಶಾಲೆಗೆ ಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ಮುಖ್ಯ ಶಿಕ್ಷಕಿ ಸ್ಪೀಕರಿನ ಮಾತೇ ಎತ್ತಲಿಲ್ಲ, ಜನವರಿಗೆ ಯಾವಾಗಿನಿಂದ ಬರುತ್ತೀರಿ ಎಂದಷ್ಟೇ ಕೇಳಿದರು. ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ನಾವು ಚಹಾ ಕುಡಿಯುತ್ತಿದ್ದಾಗ ರಕ್ಷಿತಾ ಗುಂಡು ಕೋಲು ಕೊಡಲು ಬಂದಳು. ತಪ್ಪು ಮಾಡಿದೆನೇನೋ ಎಂಬ ಅಳುಕು ಇನ್ನೂ ಮುಖದ ಮೇಲಿತ್ತು.

“ಒಳಗೆ ಅಳ್ತಾ ಇದ್ರು ಅಕ್ಕೋರೆ. ಚರ್ಮದ ಮೇಲೆ ಹೊಡಿಲಿಕ್ಕೆ ಕೈ ಬರ್ಲಿಲ್ಲ.”

ರಜಿಯಾ ಕೋಲನ್ನು ಅವಳ ಕೈಯಲ್ಲೇ ಇಟ್ಟು ಬೆರಳು ಮಡಿಚಿದರು. ಇಟ್ಟುಕೋ ಎಂದರು. ಹುಡುಗಿ ಅದನ್ನು ಯೂನಿಫಾರ್ಮಿನೊಳಗೆ ಮಳೆಗೆ ನೆನೆಯದ ಹಾಗೆ ಸಿಕ್ಕಿಸಿಕೊಂಡು ಓಡಿದಳು. ಕೆರಿಯಪ್ಪ ಬಿಗ್ ಡ್ರಮ್ಮನ್ನು ಹೆಗಲಿಗೇರಿಸಿಕೊಂಡು ಹಿಂದೆ ಹೋದರು.

ಶಿರಸಿ ಬಸ್ಸು ಬರುವುದು ತಡವಿತ್ತು. ಇಂಥ ಲೇಖನದ ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ, ನಿಮಗೇನಾದರೂ ಆಸೆ ಇದೆಯಾ ಎಂದು. ಸನ್ಮಾನ, ಪ್ರಶಸ್ತಿ, ಒಂದು ಸ್ವಂತ ಕ್ಲಾಸು, ಏನಾದರೂ ಹೇಳಬಹುದು ಎಂದುಕೊಂಡಿದ್ದೆ. ಅವರು ಬಸಿಯಲ್ಲಿ ಉಳಿದ ಚಹಾ ಕುಡಿದು, ಬೆರಳಲ್ಲಿ ಮೇಜಿನ ಅಂಚು ತಟ್ಟುತ್ತ ಹೇಳಿದರು.

“ನಾ ಹೋದ ದಿನ ನಮ್ಮ ಗಲ್ಲಿಯಲ್ಲಿ ಯಾವ್ದಾದ್ರೂ ಮಕ್ಕಳ ಬ್ಯಾಂಡು ಬಂದ್ರೆ, ಹಿಂಗೇ ಬಳೆ ಪೆಟ್ಟಲ್ಲಿ ಹೋಗ್ಲಿ. ಅಷ್ಟೇ ಸಾಕು. ಹೆಜ್ಜೆ ತಪ್ಪಿದ್ರೆ ಮಾತ್ರ ಎದ್ದು ಬಂದು ಕೋಲು ಕಸ್ಕೊಳ್ತೇನೆ, ಹೇಳ್ಬಿಡಿ ಅವ್ರಿಗೆ.”